ಈ ಮೆಥಡ್ ಎಲ್ಲಿಂದ ಬಂತು?

ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಇರುವಾಗ ನನ್ನ ಪೈಥಾನ್ ಪ್ರೋಗ್ರಾಂ ಒಂದು ಇದ್ದಕ್ಕಿದ್ದಂತೆ ಕೈಕೊಟ್ಟಿತು. ಅದು ದಾಳ ಉರುಳಿಸುವ ಚಿಕ್ಕ ಆಟ. ರ್‍ಯಾಂಡಮ್ ಮಾಡ್ಯೂಲ್‌ನ ರ್‍ಯಾಂಡ್‌ಇಂಟ್ ಅನ್ನು ಕರೆದು 1ರಿಂದ 6ರೊಳಗಿನ ಒಂದು ಸಂಖ್ಯೆಯನ್ನು ಪಡೆಯುವುದಷ್ಟೇ ಅದರ ಕೆಲಸ. ಹಿಂದಿನ ದಿನ ಸರಿಯಾಗಿಯೇ ಓಡಿತ್ತು. ಈಗ ರ್‍ಯಾಂಡಮ್‌ನಲ್ಲಿ ರ್‍ಯಾಂಡ್‌ಇಂಟ್ ಎಂಬುದೇ ಇಲ್ಲ ಎನ್ನುತ್ತಿತ್ತು! ಪ್ರತಿ ಸಾಲನ್ನೂ ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡಿದೆ. ತಪ್ಪು ಸಿಗಲಿಲ್ಲ. ಒಂದು ಗಂಟೆ ಹಾಳಾಯಿತು.

ಕೊನೆಗೆ ಉಪನ್ಯಾಸಕರಿಗೆ ತೋರಿಸಿದೆ. ಅವರು ನನ್ನ ಸಾಲುಗಳನ್ನು ಓದಲೇ ಇಲ್ಲ. “ಇದು ಯಾವ ರ್‍ಯಾಂಡಮ್ ಎಂದು ಕೇಳಿದೆಯಾ?” ಎಂದರು. ನಂತರ ಒಂದೇ ಸಾಲು ಬರೆಸಿದರು: ರ್‍ಯಾಂಡಮ್, ಚುಕ್ಕಿ, ಫೈಲ್ ಎಂದು ಬರೆದು ಪ್ರಿಂಟ್ ಮಾಡುವುದು. ಇಲ್ಲಿ ‘ಫೈಲ್’ ಪದದ ಎರಡೂ ಬದಿಗೆ ಎರಡೆರಡು ಅಂಡರ್‌ಸ್ಕೋರ್ ಇರಬೇಕು. ಪರದೆಯ ಮೇಲೆ ಬಂದ ವಿಳಾಸ ನನ್ನದೇ ಫೋಲ್ಡರ್‌ನದು. ಹಿಂದಿನ ಸಂಜೆ ಅಭ್ಯಾಸಕ್ಕೆಂದು ಬರೆದ ಫೈಲ್ ಒಂದಕ್ಕೆ ನಾನೇ ‘ರ್‍ಯಾಂಡಮ್’ ಎಂದು ಹೆಸರಿಟ್ಟಿದ್ದೆ. ಪೈಥಾನ್ ಮಾಡ್ಯೂಲ್‌ಗಳನ್ನು ಹುಡುಕುವಾಗ ಓಡುತ್ತಿರುವ ಪ್ರೋಗ್ರಾಂನ ಫೋಲ್ಡರ್ ಅನ್ನು ಮೊದಲು ನೋಡುತ್ತದೆ. ಹೀಗಾಗಿ ಅಸಲಿ ರ್‍ಯಾಂಡಮ್‌ಗಿಂತ ಮೊದಲೇ ನನ್ನ ಅರೆಬರೆ ಫೈಲ್ ಅದಕ್ಕೆ ಸಿಕ್ಕಿತ್ತು. ಫೈಲ್‌ನ ಹೆಸರು ಬದಲಿಸಿದೆ, ದಾಳ ಉರುಳಿತು.

ಇಂಥ ಗೊಂದಲ ಯಾಕೆ ಬರುತ್ತದೆ? ಜಾವಾದಂಥ ಭಾಷೆಯಲ್ಲಿ ಒಂದು ವಸ್ತುವಿಗೆ ಯಾವ ಮೆಥಡ್‌ಗಳಿವೆ ಎಂಬುದನ್ನು ಕಂಪೈಲರ್ ಮೊದಲೇ ಪರಿಶೀಲಿಸುತ್ತದೆ. ಇಲ್ಲದ ಮೆಥಡ್ ಕರೆದರೆ ಪ್ರೋಗ್ರಾಂ ಶುರುವಾಗುವುದೇ ಇಲ್ಲ. ಪೈಥಾನ್ ಡೈನಮಿಕ್ ಭಾಷೆ. ಇಲ್ಲಿ ಹೆಸರು ಎದುರಾದ ಆ ಕ್ಷಣದಲ್ಲಿ ಹುಡುಕಾಟ ನಡೆಯುತ್ತದೆ. ಸಾಮಾನ್ಯ ಮೆಥಡ್ ಆದರೆ ಮೊದಲು ಆ ವಸ್ತುವಿನಲ್ಲಿ, ನಂತರ ಅದರ ಕ್ಲಾಸ್‌ನಲ್ಲಿ, ಆಮೇಲೆ ಮೂಲ ಕ್ಲಾಸ್‌ಗಳಲ್ಲಿ ಒಂದೊಂದಾಗಿ. ಅಲ್ಲದೆ ಪ್ರೋಗ್ರಾಂ ಓಡುತ್ತಿರುವಾಗಲೇ ನಾವು ಬರೆದ ಕ್ಲಾಸ್‌ಗೆ ಹೊಸ ಮೆಥಡ್ ಸೇರಿಸಬಹುದು, ಹಳೆಯದನ್ನು ಬದಲಿಸಲೂಬಹುದು. ಆದ್ದರಿಂದ ಬರೆದದ್ದನ್ನು ಎಷ್ಟು ಸಲ ಓದಿದರೂ ಉತ್ತರ ಸಿಗದೇ ಹೋಗಬಹುದು. ಓಡುತ್ತಿರುವ ಪ್ರೋಗ್ರಾಂ ಅನ್ನೇ ಕೇಳಬೇಕು.

ಕೇಳುವುದು ಕಷ್ಟವಲ್ಲ. ರ್‍ಯಾಂಡ್‌ಇಂಟ್ ಅನ್ನು ಆವರಣ ಚಿಹ್ನೆಯಿಲ್ಲದೆ ಪ್ರಿಂಟ್ ಮಾಡಿ ನೋಡಿ. ನಾವು ಫಂಕ್ಷನ್ ಎಂದುಕೊಂಡದ್ದು ನಿಜವಾಗಿ ‘ರ್‍ಯಾಂಡಮ್’ ಎಂಬ ಕ್ಲಾಸ್‌ನ ಮೆಥಡ್ ಎಂದು ಪೈಥಾನೇ ಹೇಳುತ್ತದೆ. ಹುಡುಕಾಟದ ಕ್ರಮ ಬೇಕಿದ್ದರೆ ಆ ಕ್ಲಾಸ್‌ನ ‘ಎಂಆರ್‌ಒ’ ಕೇಳಿ (ಇದಕ್ಕೂ ಎರಡೂ ಬದಿಗೆ ಅಂಡರ್‌ಸ್ಕೋರ್ ಬೇಕು). ಮೂರು ಕ್ಲಾಸ್‌ಗಳ ಸಾಲು ಬರುತ್ತದೆ. ಯಾವ ಫೈಲ್ ಎಂದು ತಿಳಿಯಲು ‘ಇನ್‌ಸ್ಪೆಕ್ಟ್’ ಮಾಡ್ಯೂಲ್‌ನ ಗೆಟ್‌ಸೋರ್ಸ್‌ಫೈಲ್ ಇದೆ. ಎಷ್ಟನೇ ಸಾಲು ಎಂದು ತಿಳಿಯಲು ಗೆಟ್‌ಸೋರ್ಸ್‌ಲೈನ್ಸ್ ಇದೆ.

ಒಂದು ಮಿತಿಯೂ ಇದೆ. ಅದೇ ಮಾಡ್ಯೂಲ್‌ನಲ್ಲಿರುವ, 0 ಮತ್ತು 1ರ ನಡುವಿನ ದಶಮಾಂಶ ಕೊಡುವ ‘ರ್‍ಯಾಂಡಮ್’ ಮೆಥಡ್ ಬಗ್ಗೆ ಇನ್‌ಸ್ಪೆಕ್ಟ್ ಅನ್ನು ಕೇಳಿದರೆ ಟೈಪ್‌ಎರರ್ ಬರುತ್ತದೆ. ಅದು ಬರೆದಿರುವುದು ಪೈಥಾನ್‌ನಲ್ಲಿ ಅಲ್ಲ, ಸಿ ಭಾಷೆಯಲ್ಲಿ. ತೋರಿಸಲು ಪೈಥಾನ್ ಸಾಲುಗಳೇ ಇಲ್ಲ. ಇದನ್ನು ತಪ್ಪೆಂದು ತಿಳಿಯಬೇಡಿ, ಇದೂ ಒಂದು ಉತ್ತರವೇ.

2024ರಲ್ಲಿ ಬಂದ ಪೈಥಾನ್ 3.13 ನನ್ನಂಥವರ ತಪ್ಪನ್ನು ಗುರುತಿಸಿ, ‘ಈ ಫೈಲ್‌ನ ಹೆಸರು ಬದಲಿಸಿ ನೋಡಿ’ ಎಂಬ ಸೂಚನೆಯನ್ನೂ ಕೊಡುತ್ತದೆ. ನನ್ನ ಕಂಪ್ಯೂಟರ್‌ನಲ್ಲಿದ್ದುದು ಹಳೆಯ ಆವೃತ್ತಿ.

ಗೆಳೆಯರೇ, ಪರೀಕ್ಷೆಯ ದಿನ ಪ್ರೋಗ್ರಾಂ ಕೈಕೊಟ್ಟರೆ ಗಾಬರಿಯಾಗಿ ಎಲ್ಲವನ್ನೂ ಅಳಿಸಬೇಡಿ. ‘ಇದು ಎಲ್ಲಿಂದ ಬಂತು?’ ಎಂದು ಮೊದಲು ಒಂದು ಸಾಲಿನಲ್ಲಿ ಕೇಳಿ. ಅಭ್ಯಾಸದ ಫೈಲ್‌ಗಳಿಗೆ ಮ್ಯಾಥ್, ರ್‍ಯಾಂಡಮ್, ಸ್ಟ್ಯಾಟಿಸ್ಟಿಕ್ಸ್ ಎಂಬ ಹೆಸರುಗಳನ್ನಂತೂ ಇಡಲೇಬೇಡಿ.