ಕೊಟ್ಟ ಮೇಲೂ ಕೇಳುವ ಸುಂಕ

ಬಬಲೇಶ್ವರ ಸೀಮೆಯ ಜೈನಾಪುರದಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ಒಂದು ಒಕ್ಕಲುತನದ ಮನೆತನವಿದೆ. ಆ ಮನೆಯ ಹಿರಿಯರನ್ನು ಊರವರೆಲ್ಲ ಗೌಡರೆಂದೇ ಕರೆಯುವರು. ಹಲವು ವರ್ಷಗಳ ಹಿಂದಿನ ಮಾತು. ಗೌಡರ ಮಗಳು ಲಂಡನ್ನಿನಲ್ಲಿ ಬಾಣಂತಿಯಾಗಿದ್ದಳು. ಮೊಮ್ಮಗನ ನಾಮಕರಣಕ್ಕೆ ತಾಯಿ ತಂದೆಗಳು ಬರಲೇಬೇಕೆಂದು ಅಳಿಯಂದಿರು ಮೂರು ತಿಂಗಳು ಮೊದಲೇ ಟಿಕೆಟ್ ಕೊಂಡು ಕಳುಹಿಸಿದ್ದರು. ಇಂಗ್ಲಿಷ್ ಬಾರದ ಆ ದಂಪತಿಗಳನ್ನು ವಿಮಾನ ಹತ್ತಿಸಿ ಬರುವ ಹೊಣೆ ನಮ್ಮ ಪಾಲಿಗೆ ಬಂದಿತು.

ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಗಳ ಗಂಟಿನೊಡನೆ ನಾವು ದೊಡ್ಡ ನಗರವೊಂದರ ವಿಮಾನ ನಿಲ್ದಾಣವನ್ನು ಮುಟ್ಟಿದೆವು. ಅಲ್ಲಿಯ ಕೌಂಟರಿನ ಸಿಬ್ಬಂದಿ ಟಿಕೆಟನ್ನು ನೋಡಿ, ಈ ಟಿಕೆಟ್ ಕೊಂಡ ಬಳಿಕ ತೆರಿಗೆ ಹೆಚ್ಚಾಗಿದೆ, ಇಬ್ಬರೂ ಹೆಚ್ಚಿನ ಹಣ ಕಟ್ಟಿದ ಹೊರತು ಮುಂದೆ ಬಿಡಲಾಗದು ಎಂದರು. ಗೌಡರು ಒಂದು ಕ್ಷಣ ಸುಮ್ಮನಿದ್ದು ನಮ್ಮ ಕಡೆಗೆ ತಿರುಗಿ, “ಶಾಸ್ತ್ರಿಗಳ, ಪೂರಾ ರೊಕ್ಕ ಕೊಟ್ಟು ಟಿಕೇಟ್ ತಗೊಂಡ ಮ್ಯಾಲೆ ಮತ್ತ ಕೇಳತಾರಲ್ರೀ? ಸಂತ್ಯಾಗ ಒಮ್ಮೆ ವ್ಯವಹಾರ ಮುಗೀತಂದ್ರ ಮುಗೀತ್ರಿ” ಎಂದರು. ಅವರ ಜೇಬಿನಲ್ಲಿದ್ದುದು ದಾರಿ ಖರ್ಚಿನ ಅಲ್ಪ ಹಣ. ಪುಸ್ತಕ ಕೊಳ್ಳಲೆಂದು ನಾವು ತೆಗೆದಿರಿಸಿದ್ದ ಹಣವನ್ನು ಕೂಡಿಸಿ ಕಟ್ಟಿದ್ದಾಯಿತು. ಕೈಗೆ ಬಂದುದು ಒಂದು ತುಂಡು ಚೀಟಿ. ಅದರಲ್ಲಿ ಮೊತ್ತವಿತ್ತು, ಕಾರಣವಿರಲಿಲ್ಲ.

ಹಣಕ್ಕಿಂತ ಹೆಚ್ಚಾಗಿ ನಮ್ಮನ್ನು ನೋಯಿಸಿದುದು ಇನ್ನೊಂದು. ಆಯುಷ್ಯವಿಡೀ ಯಾರ ಬಾಕಿಯನ್ನೂ ಉಳಿಸಿಕೊಳ್ಳದ ಆ ಹಿರಿಯರು ಸರದಿಯಲ್ಲಿ ನಿಂತ ನೂರು ಜನರೆದುರು ಸಾಲಗಾರರಂತೆ ತಲೆ ತಗ್ಗಿಸಬೇಕಾಯಿತು. ಗೌಡರ ಆ ಪ್ರಶ್ನೆ ಅಂದಿನಿಂದ ನಮ್ಮ ಮನಸ್ಸನ್ನು ಬಿಟ್ಟಿಲ್ಲ. ಅದಕ್ಕೆ ಉತ್ತರವನ್ನು ಹುಡುಕುವ ಯತ್ನವೇ ಈ ಲೇಖನ.

ಸುಂಕವೆಂಬುದು ನಮ್ಮ ನಾಡಿಗೆ ಹೊಸದಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಹೆಸರುಗಳನ್ನು ಮತ್ತೆ ಮತ್ತೆ ಕಾಣುತ್ತೇವೆ. ಕಲ್ಯಾಣದ ಶರಣರಲ್ಲಿ ಸುಂಕದ ಬಂಕಣ್ಣನೆಂಬಾತನಿದ್ದನು. ಸುಂಕ ವಸೂಲಿಯೇ ಅವನ ಕಾಯಕ. ಬಸವಣ್ಣನವರಾದರೋ ಬಿಜ್ಜಳನ ಭಂಡಾರವನ್ನೇ ನೋಡಿಕೊಂಡವರು. ಆದ್ದರಿಂದ ತೆರಿಗೆ ಕೇಳುವುದು ತಪ್ಪೆಂದು ನಾವು ಹೇಳಲಾರೆವು. ರಸ್ತೆ, ರಕ್ಷಣೆ, ನಿಲ್ದಾಣಗಳಿಗೆ ಹಣ ಬೇಕು, ಬಳಸುವವನು ಕೊಡಬೇಕು. ಆದರೆ ಎಷ್ಟು ಕೊಡಬೇಕೆಂಬುದು ಕೊಡುವವನಿಗೆ ವ್ಯವಹಾರಕ್ಕೆ ಮೊದಲೇ ತಿಳಿದಿರಬೇಕು. ಇದು ಸಂತೆಯ ನ್ಯಾಯವೂ ಹೌದು, ಧರ್ಮವೂ ಹೌದು.

ಮೊದಲಿಗೆ, ವಿಮಾನದ ಟಿಕೆಟಿನಲ್ಲಿ ‘ತೆರಿಗೆ’ ಎಂದು ನಾವು ಒಟ್ಟಾಗಿ ಕರೆಯುವುದರೊಳಗೆ ಮೂರು ಬಗೆಗಳಿರುವುದನ್ನು ಅರಿಯಬೇಕು. ಒಂದನೆಯದು ಸರಕಾರದ ತೆರಿಗೆ. 2010ರ ಜುಲೈ 1ರಿಂದ ದೇಶದೊಳಗಿನ ವಿಮಾನಯಾನಕ್ಕೂ ಸೇವಾ ತೆರಿಗೆ ಬಂದಿತು. 2017ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಿ.ಎಸ್.ಟಿ. ಬಂದು, ಸಾಮಾನ್ಯರು ಪ್ರಯಾಣಿಸುವ ಎಕಾನಮಿ ದರ್ಜೆಗೆ ಶೇಕಡಾ 5 ಎಂದು ನಿಗದಿಯಾಯಿತು. ಎರಡನೆಯದು ನಿಲ್ದಾಣದ ಶುಲ್ಕ: ಬಳಕೆದಾರರ ಅಭಿವೃದ್ಧಿ ಶುಲ್ಕ, ಭದ್ರತಾ ಶುಲ್ಕ ಇತ್ಯಾದಿ. ವಿಮಾನ ಕಂಪನಿಯು ಇವುಗಳನ್ನು ಪ್ರಯಾಣಿಕನಿಂದ ವಸೂಲು ಮಾಡಿ ಸಂಬಂಧಪಟ್ಟವರಿಗೆ ಮುಟ್ಟಿಸುವ ಮಧ್ಯವರ್ತಿ ಮಾತ್ರ. ಮೂರನೆಯದು ಕಂಪನಿಯ ಸ್ವಂತ ಆಕರಣೆ: ಇಂಧನದ ಮೇಲ್ದರ, ‘ಅನುಕೂಲ ಶುಲ್ಕ’ ಮುಂತಾದವು. ಇವು ತೆರಿಗೆಯ ಪಕ್ಕದಲ್ಲಿಯೇ ಕುಳಿತಿದ್ದರೂ ತೆರಿಗೆಯಲ್ಲ; ಕಂಪನಿಯ ಬೆಲೆಯೇ ಸರಿ.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡೋಣ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದಾಗ ವಿದೇಶಕ್ಕೆ ಹೊರಡುವ ಪ್ರತಿಯೊಬ್ಬರಿಗೂ 1,070 ರೂಪಾಯಿಗಳ ಬಳಕೆದಾರರ ಶುಲ್ಕ ಬಂದಿತು. 2009ರ ಜನವರಿಯಲ್ಲಿ ದೇಶದೊಳಗೆ ಪ್ರಯಾಣಿಸುವವರಿಗೂ 260 ರೂಪಾಯಿಗಳ ಶುಲ್ಕ ಸೇರಿತು. ಮುಂದೆ ಈ ದರಗಳು ಏರಿಳಿಯುತ್ತಲೇ ಬಂದವು. 2019ರ ಏಪ್ರಿಲ್ 16ರಿಂದ ನಾಲ್ಕು ತಿಂಗಳ ಅವಧಿಗೆ ದೇಶೀಯ ಪ್ರಯಾಣಿಕರ ಶುಲ್ಕ 139 ರೂಪಾಯಿಗಳಿಂದ 306ಕ್ಕೂ, ವಿದೇಶಕ್ಕೆ ಹೋಗುವವರದು 558ರಿಂದ 1,226ಕ್ಕೂ ಏರಿತು. ನಿಲ್ದಾಣದ ವಿಸ್ತರಣೆಗೆ ಹಣ ಬೇಕೆಂಬುದು ಅದಕ್ಕೆ ಕೊಟ್ಟ ಕಾರಣ. ಹೀಗೆ ದರ ನಡುವೆಯೇ ಬದಲಾದಾಗ ಪ್ರಶ್ನೆಯೊಂದು ಏಳುವುದು: ಹೊಸ ದರ ಅನ್ವಯಿಸಬೇಕಾದುದು ಟಿಕೆಟ್ ಕೊಂಡ ದಿನಕ್ಕೋ, ವಿಮಾನ ಹತ್ತಿದ ದಿನಕ್ಕೋ? ಗೌಡರ ಸಂಕಟದ ಬೇರು ಇರುವುದು ಇಲ್ಲಿಯೇ.

ಇದೇ ಪ್ರಶ್ನೆ ಬ್ರಿಟನ್ನಿನಲ್ಲಿಯೂ ಎದ್ದಿತ್ತು. ಅಲ್ಲಿ 1994ರಿಂದಲೂ ವಿಮಾನ ಪ್ರಯಾಣಿಕರ ಮೇಲೆ ಒಂದು ಸುಂಕವಿದೆ. ಅದನ್ನು ಇಮ್ಮಡಿಗೊಳಿಸುವುದಾಗಿ ಅಲ್ಲಿನ ಸರಕಾರವು 2006ರ ಡಿಸೆಂಬರ್ 6ರಂದು ಪ್ರಕಟಿಸಿ, ಎರಡು ತಿಂಗಳೊಳಗೆ, ಅಂದರೆ 2007ರ ಫೆಬ್ರುವರಿ 1ರಿಂದಲೇ ಜಾರಿಗೆ ತಂದಿತು. ಟಿಕೆಟ್ ಎಂದು ಕೊಂಡಿದ್ದರೂ ಸರಿ, ಆ ದಿನದ ಬಳಿಕ ಹಾರಿದವರಿಗೆಲ್ಲ ಹೊಸ ದರವೇ. ಲಂಡನ್ನಿನಿಂದ ಭಾರತಕ್ಕೆ ಎಕಾನಮಿ ದರ್ಜೆಯಲ್ಲಿ ಬರುವವನಿಗೆ 20 ಪೌಂಡಿನ ಸುಂಕವು 40 ಆಯಿತು. ನಾಲ್ಕು ಜನರ ಕನ್ನಡ ಕುಟುಂಬವೊಂದು ಊರಿಗೆ ಬರಲು ಮೊದಲೇ ಟಿಕೆಟ್ ಕೊಂಡಿದ್ದರೆ 80 ಪೌಂಡುಗಳ ಹೊಸ ಬಾಕಿ. ಕೆಲವು ಕಂಪನಿಗಳು ಆ ಹೊರೆಯನ್ನು ತಾವೇ ಹೊತ್ತವು. ಕೆಲವು ಪ್ರಯಾಣಿಕರಿಂದ ಕೇಳಿ ಪಡೆದವು. ಪ್ರವಾಸ ಸಂಸ್ಥೆಗಳ ಒಕ್ಕೂಟವು ನ್ಯಾಯಾಲಯಕ್ಕೆ ಹೋಯಿತಾದರೂ ಗೆಲ್ಲಲಿಲ್ಲ.

ನಮ್ಮ ದೇಶದಲ್ಲಿ ಕಾಲಕ್ರಮದಲ್ಲಿ ಬೆಳೆದ ಪದ್ಧತಿ ಇದಕ್ಕಿಂತ ನ್ಯಾಯವಾದುದೆಂದು ನಾವು ಸಂತೋಷದಿಂದ ಹೇಳಬಹುದು. 2021ರ ಏಪ್ರಿಲ್ 1ರಿಂದ ದೇಶೀಯ ಪ್ರಯಾಣದ ಭದ್ರತಾ ಶುಲ್ಕವನ್ನು 200 ರೂಪಾಯಿಗಳಿಗೆ ಏರಿಸಿದಾಗ, ಅಂದಿನಿಂದ ನೀಡಲಾಗುವ ಟಿಕೆಟುಗಳಿಗೆ ಮಾತ್ರ ಅದು ಅನ್ವಯವೆಂದು ಆದೇಶದಲ್ಲಿಯೇ ಹೇಳಲಾಯಿತು. ಜಿ.ಎಸ್.ಟಿ. ಕಾಯಿದೆಯ 14ನೆಯ ಕಲಮಿನ ಮರ್ಮವೂ ಇದೇ: ಸೇವೆ ದೊರೆಯುವುದು ದರ ಬದಲಾದ ಮೇಲೆಯೇ ಆದರೂ, ಬಿಲ್ಲು ಮತ್ತು ಹಣ ಸಂದಾಯ ಎರಡೂ ಅದಕ್ಕೆ ಮೊದಲೇ ಆಗಿದ್ದರೆ ಹಳೆಯ ದರವೇ ಸಲ್ಲುವುದು. ಸಂತೆಯಲ್ಲಿ ಒಮ್ಮೆ ಮುಗಿದ ವ್ಯವಹಾರ ಮುಗಿಯಿತೆಂಬ ಗೌಡರ ಮಾತು ಕಾಯಿದೆಯ ಪುಸ್ತಕದಲ್ಲಿಯೂ ಇದ್ದಂತಾಯಿತು.

ವಸೂಲು ಮಾಡುವವರಿಗೂ ಒಂದು ಮೇರೆಯಿದೆ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಲಾಗದೆಂದು ನಮ್ಮ ಸಂವಿಧಾನದ 265ನೆಯ ಅನುಚ್ಛೇದವು ಸಾರುತ್ತದೆ. ದಿಲ್ಲಿಯ ವಿಮಾನ ನಿಲ್ದಾಣದಲ್ಲಿ 2009ರ ಮಾರ್ಚಿನಿಂದ ದೇಶೀಯ ಪ್ರಯಾಣಿಕರಿಂದ 200, ವಿದೇಶಕ್ಕೆ ಹೋಗುವವರಿಂದ 1,300 ರೂಪಾಯಿಗಳ ಅಭಿವೃದ್ಧಿ ಶುಲ್ಕವನ್ನು ಪಡೆಯಲಾಗುತ್ತಿತ್ತು; ಮುಂಬಯಿಯಲ್ಲಿಯೂ ಇಂಥದೇ ಶುಲ್ಕವಿತ್ತು. ಗ್ರಾಹಕರ ಪರವಾದ ಸಂಸ್ಥೆಯೊಂದು ಇದನ್ನು ಪ್ರಶ್ನಿಸಿತು. 2011ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯವು, ಈ ಶುಲ್ಕವು ಪಡೆದ ಸೇವೆಯ ಬೆಲೆಯಲ್ಲ, ತೆರಿಗೆಯ ಸ್ವರೂಪದ್ದು. ಆದುದರಿಂದ ಕಾಯಿದೆಯಂತೆ ನಿಯಂತ್ರಣ ಪ್ರಾಧಿಕಾರವು ದರವನ್ನು ಗೊತ್ತುಪಡಿಸದ ಹೊರತು ಅದನ್ನು ವಸೂಲು ಮಾಡಲಾಗದೆಂದು ತೀರ್ಪಿತ್ತಿತು. ಕೌಂಟರಿನಲ್ಲಿ ಕೇಳಿದ ಮಾತ್ರಕ್ಕೆ ಅದು ನ್ಯಾಯವಾದ ಸುಂಕವಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಂಪನಿಗಳ ಪಕ್ಷವನ್ನೂ ಆಲಿಸುವುದು ನಮ್ಮ ಕರ್ತವ್ಯ. “ತೆರಿಗೆ ನಮ್ಮದಲ್ಲ, ಸರಕಾರವು ಪ್ರಯಾಣದ ದಿನವನ್ನೇ ಹಿಡಿದು ಕೇಳಿದರೆ ನಾವು ಎಲ್ಲಿಂದ ಕೊಡಬೇಕು?” ಎಂಬುದು ಅವರ ಅಳಲು. ಅದು ಪೂರ್ತಿ ಸುಳ್ಳಲ್ಲ. ಆದರೆ ಏರಿದಾಗ ಚಾಚುವ ಕೈ ಇಳಿದಾಗಲೂ ಚಾಚಬೇಕಷ್ಟೆ? ಹೆಚ್ಚಾದುದನ್ನು ಪ್ರಯಾಣಿಕನಿಂದ ಪಡೆಯುವವನು ಕಡಿಮೆಯಾದುದನ್ನು ಅವನು ಕೇಳುವ ಮೊದಲೇ ಮರಳಿಸಿದರೆ ಅವನ ಮಾತಿಗೆ ತೂಕ ಬರುವುದು.

ಇನ್ನು ನಮ್ಮ ಕುಟುಂಬಗಳು ಏನು ಮಾಡಬೇಕು? ವಿದೇಶದಲ್ಲಿರುವ ಮಕ್ಕಳು ತಾಯಿ ತಂದೆಗಳಿಗೆ ಟಿಕೆಟ್ ಕಳುಹಿಸುವಾಗ ಒಟ್ಟು ಮೊತ್ತವನ್ನಷ್ಟೇ ಅಲ್ಲ, ದರ, ತೆರಿಗೆ, ಶುಲ್ಕಗಳ ವಿವರವಿರುವ ಹಾಳೆಯನ್ನೂ ಕಳುಹಿಸಲಿ. ಪ್ರಯಾಣಕ್ಕೆ ವಾರ ಮೊದಲು ಕಂಪನಿಯನ್ನು ವಿಚಾರಿಸಿ, ಬಾಕಿಯೇನೂ ಇಲ್ಲವೆಂದು ಬರಹದಲ್ಲಿ ಪಡೆಯಲಿ. ಕೌಂಟರಿನಲ್ಲಿ ಹೆಚ್ಚಿನ ಹಣ ಕೇಳಿದರೆ ಮೂರು ಪ್ರಶ್ನೆ ಹಾಕಬೇಕು: ಈ ಸುಂಕದ ಹೆಸರೇನು? ಯಾವ ತಾರೀಖಿನ ಆದೇಶ? ಅದು ಟಿಕೆಟಿನ ದಿನಕ್ಕೆ ಅನ್ವಯವೋ, ಪ್ರಯಾಣದ ದಿನಕ್ಕೋ? ವಿಮಾನ ತಪ್ಪುವ ಭಯವಿದ್ದರೆ ಹಣ ಕಟ್ಟಿರಿ. ಆದರೆ ಕಾರಣ ಬರೆದ ಪಾವತಿಯನ್ನು ಪಡೆಯದೆ ಕದಲಬೇಡಿರಿ.

ಅನೇಕರು ಅರಿಯದ ಇನ್ನೊಂದು ಮಾತಿದೆ. ಕಾರಣಾಂತರದಿಂದ ಪ್ರಯಾಣ ರದ್ದಾದಾಗ, ಮರುಪಾವತಿಯಿಲ್ಲದ ಅಗ್ಗದ ಟಿಕೆಟ್ ಎಂದು ನಾವು ಪೂರ್ತಿ ಕೈಬಿಟ್ಟುಬಿಡುತ್ತೇವೆ. ಅಂತಹ ಟಿಕೆಟಿನಲ್ಲಿಯೂ ಸರಕಾರದ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಪ್ರಯಾಣಿಕನಿಗೆ ಮರಳಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2016ರಲ್ಲಿ ವಿಧಿಸಿದೆ. ಅದು ನಮ್ಮ ಹಣ, ಕೇಳಿ ಪಡೆಯಬೇಕು.

ಅನ್ಯಾಯವಾಯಿತೆನಿಸಿದರೆ ದೂರದ ಮಹಾನಗರಕ್ಕೆ ಅಲೆಯುವ ಕಾಲ ಹೋಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಜೈನಾಪುರದವರಿಗೆ ವಿಜಯಪುರವೇ ಸಾಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. 1915 ಎಂಬ ಗ್ರಾಹಕ ಸಹಾಯವಾಣಿಯೂ ಇದೆ.

ಅಂದು ಗೌಡರು ಮೊಮ್ಮಗನ ಮುಖ ನೋಡಿ ಮರಳಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ, ನಮ್ಮ ಮನೆಗೆ ಬಂದು ನಾವು ಕೊಟ್ಟ ಹಣವನ್ನು ಎಣಿಸಿ ಕೈಗಿತ್ತುದು. ಬೇಡವೆಂದರೂ ಕೇಳಲಿಲ್ಲ. “ಬಾಕಿ ಬಾಕಿನ ರೀ, ಶಾಸ್ತ್ರಿಗಳ” ಎಂದರು. ವಿಮಾನ ನಿಲ್ದಾಣದ ಆ ತುಂಡು ಚೀಟಿಯನ್ನು ಅವರು ಪಂಚಾಂಗದೊಳಗೆ ಮಡಿಸಿಟ್ಟಿದ್ದರು. ಅದಕ್ಕೆ ಕಾರಣ ಬರೆದುಕೊಡುವವರು ಯಾರಾದರೂ ಸಿಕ್ಕಾರೆಂದು ಬಹಳ ದಿನ ಕಾದರು.

ವಿಜಯಪುರದ ಬಳಿ ಬುರಣಾಪುರದಲ್ಲಿ ವಿಮಾನ ನಿಲ್ದಾಣದ ಕಾಮಗಾರಿಗೆ 2021ರಲ್ಲಿ ಅಡಿಗಲ್ಲು ಬಿದ್ದಿತು. ನಮ್ಮ ಹೊಲಗಳ ಮೇಲಿಂದಲೇ ವಿಮಾನ ಹಾರುವ ದಿನ ಬರಲಿ. ಅದನ್ನು ಹತ್ತುವ ನಮ್ಮ ಹಿರಿಯರು ಸಲ್ಲಬೇಕಾದ ಸುಂಕವನ್ನು ಸಂತೋಷದಿಂದ ಸಲ್ಲಿಸುವರು. ಆದರೆ ಅದನ್ನು ಒಮ್ಮೆ ಕೇಳಲಿ, ಮೊದಲೇ ಕೇಳಲಿ, ಹೆಸರು ಹೇಳಿ ಕೇಳಲಿ. ನಮ್ಮ ಬೇಡಿಕೆ ಇಷ್ಟೇ.