ಸಂದೇಶಗಳ ಸಂತೆಯಲ್ಲಿ ಕಳೆದುಹೋಗುವ ಕೆಲಸಗಳು

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ಸಂಗತಿ ನಮ್ಮ ವಾಚಕರೆಲ್ಲರಿಗೂ ತಿಳಿದದ್ದೇ. ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣೆ ಕಾನೂನಿನ ಪ್ರಕಾರ, ಹಳೆಯ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಿಂದ ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ಉಸ್ಮಾನಾಬಾದು ಜಿಲ್ಲೆಯಲ್ಲಿದ್ದ ಉಮರ್ಗಾ ಮರಾಠವಾಡದೊಂದಿಗೆ ಅತ್ತಲೇ ಸೇರಿತು. ಇಂದು ನಿಲಂಗಾ, ಉದಗೀರಗಳು 1982ರಲ್ಲಿ ರಚಿತವಾದ ಲಾತೂರು ಜಿಲ್ಲೆಯಲ್ಲಿವೆ. ಉಮರ್ಗಾ ಇರುವ ಜಿಲ್ಲೆಗೆ 2023ರಿಂದ ಧಾರಾಶಿವ ಎಂದು ಹೆಸರು. ಆಳಂದ, ಬಸವಕಲ್ಯಾಣ, ಭಾಲ್ಕಿಗಳ ಮಗ್ಗುಲಲ್ಲಿರುವ ಈ ಗಡಿಯಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ. ಕಚೇರಿಯ ಮಾತು ಮಾತ್ರ ಮರಾಠಿ. ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಎಂಬ ಈ ಬಾಳು ನಮಗೂ ಹೊಸತಲ್ಲ.

ಈ ಎರಡು ಗಡಿಗಳ ಉಪಾಧ್ಯಾಯರಿಗೆ ಇತ್ತೀಚೆಗೆ ಇನ್ನೊಂದು ಸಾಮ್ಯವೂ ಬಂದಿದೆ. ಮೇಲಿನವರ ಸೂಚನೆ ಈಗ ಕಾಗದದಲ್ಲಿ ಬರುವುದು ಕಡಿಮೆ. ಕೈಯಲ್ಲಿರುವ ಫೋನಿನ ವಾಟ್ಸಾಪ್ ಗುಂಪಿಗೆ ಬರುತ್ತದೆ. ಅಲ್ಲಿ ಕೇಂದ್ರಪ್ರಮುಖರ ಗುಂಪು, ಇಲ್ಲಿ ಉಪಜಿಲ್ಲೆಯ ಗುಂಪು. ಅದರ ಮೇಲೆ ಶಾಲೆಯದೊಂದು, ವಿಷಯವಾರು ಒಂದೊಂದು. ಬೆಳಿಗ್ಗೆ ಬಂದ ಸೂಚನೆಯ ಮೇಲೆ ಶುಭೋದಯ, ಹುಟ್ಟುಹಬ್ಬದ ಹಾರೈಕೆ, ಕೈಮುಗಿದ ಚಿತ್ರಗಳು ಬಂದು ಬಿದ್ದು ಸಂಜೆಗೆ ಅದು ಎಲ್ಲೋ ಅಡಿಯಲ್ಲಿ ಹೂತು ಹೋಗಿರುತ್ತದೆ.

ನೋಟೀಸು ಪುಸ್ತಕದ ಗುಣ

ಹಿಂದೆ ಪ್ರತಿಯೊಂದು ಶಾಲೆಯಲ್ಲಿಯೂ ನೋಟೀಸು ಪುಸ್ತಕವೊಂದಿರುತ್ತಿತ್ತು. ಮುಖ್ಯೋಪಾಧ್ಯಾಯರು ಬರೆದ ಸೂಚನೆಯನ್ನು ಜವಾನನು ತರಗತಿಯಿಂದ ತರಗತಿಗೆ ಒಯ್ಯುತ್ತಿದ್ದನು. ಓದಿದವರು ಸಹಿ ಹಾಕಬೇಕು. ಅದರಲ್ಲಿ ದಿನಾಂಕವಿತ್ತು, ಕೆಲಸ ಯಾರದೆಂಬುದಿತ್ತು, ಹರಟೆಗೆ ಮಾತ್ರ ಜಾಗವಿರಲಿಲ್ಲ. ವಾಟ್ಸಾಪಿನ ನೀಲಿ ಗುರುತು ಸಂದೇಶವನ್ನು ತೆರೆದರೆಂಬುದನ್ನಷ್ಟೇ ಹೇಳುತ್ತದೆ; ಕೆಲಸವನ್ನು ವಹಿಸಿಕೊಂಡರೆಂದು ಹೇಳುವುದಿಲ್ಲ. ಸಹಿಗೂ ಅದಕ್ಕೂ ಇರುವ ಅಂತರವಿದು.

ಸೂಚನೆಯ ಭಾಷೆಯನ್ನೂ ಗಮನಿಸಬೇಕು. "ಮಾಹಿತಿ ತಾತ್ಕಾಳ ಸಾದರ ಕರಾವಿ" ಎಂಬುದು ಮರಾಠಿ ಕಚೇರಿಗಳ ಧಾಟಿ, ನಮ್ಮಲ್ಲಿ "ಅಡಿಯಂತಿರಮಾಯಿ". ಎರಡಕ್ಕೂ ಅರ್ಥ ಕೂಡಲೇ ಎಂದು. ಆದರೆ ಕೂಡಲೇ ಎಂಬುದು ತಾರೀಕಲ್ಲ. ಗುಂಪಿನಲ್ಲಿ ನಲುವತ್ತು ಮಂದಿ ಇದ್ದರೆ, ಇನ್ನೊಬ್ಬರು ಮಾಡಿಯಾರು ಎಂದು ನಲುವತ್ತು ಮಂದಿಯೂ ಸುಮ್ಮನಿರುವುದು ಮನುಷ್ಯ ಸ್ವಭಾವ.

ಅಲ್ಪಸಂಖ್ಯಾತ ಶಾಲೆಗೇಕೆ ಹೆಚ್ಚು ಹಾನಿ?

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ 1967ರಲ್ಲಿ ಸ್ಥಾಪಿತವಾಯಿತು. ಅದು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಪುಸ್ತಕಗಳನ್ನು ಹೊರತರುತ್ತದೆ. ಕನ್ನಡ ಮಾಧ್ಯಮದಲ್ಲಿ ಎಷ್ಟು ಮಕ್ಕಳಿದ್ದಾರೆಂಬ ಲೆಕ್ಕ ಸಕಾಲದಲ್ಲಿ ಮೇಲಕ್ಕೆ ಹೋಗಬೇಕು. ಮರಾಠಿ ಶಾಲೆಯೊಂದು ಇಂಥ ಲೆಕ್ಕವನ್ನು ಮರೆತರೆ ಪಕ್ಕದ ಮರಾಠಿ ಶಾಲೆಯವರು ನೆನಪಿಸುತ್ತಾರೆ. ಅವರೂ ಅದೇ ಕಾಲಮನ್ನು ತುಂಬುತ್ತಿರುತ್ತಾರೆ. ಸುತ್ತಲಿನ ಶಾಲೆಗಳಲ್ಲಿ ಕನ್ನಡದ್ದು ಒಂದೇ ಇದ್ದರೆ ಅದರ ಕಾಲಮನ್ನು ತುಂಬುವವರು ಬೇರೆ ಯಾರೂ ಇಲ್ಲ, ನೆನಪಿಸುವವರೂ ಇಲ್ಲ. ಪುಸ್ತಕ ತಡವಾದರೆ ಬರಿಗೈಯಲ್ಲಿ ಕುಳಿತಿರುವುದು ಮಗು. ವಿದ್ಯಾರ್ಥಿವೇತನದ ಅರ್ಜಿ, ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿಗಳ ಪಾಡೂ ಇದೇ. ನೆರೆಯ ಶಾಲೆ ಮಾಡುವ ಸಹಾಯವನ್ನು ನಮ್ಮಂಥ ಶಾಲೆಗಳಿಗೆ ಒಂದು ಪಟ್ಟಿಯೇ ಮಾಡಬೇಕಾಗಿದೆ.

ಏನು ಮಾಡಬಹುದು?

ದೊಡ್ಡ ಕಂಪೆನಿಗಳು ಈ ತೊಂದರೆಯನ್ನು ಮೊದಲೇ ಕಂಡುವು. ಸ್ಲಾಕ್ ಎಂಬ ಕಚೇರಿ ಮಾತುಕತೆಯ ಸಾಧನ 2013ರಲ್ಲಿ ಹೊರಬಂತು. ಕೆಲಸಗಳ ಪಟ್ಟಿಯ ಸೌಲಭ್ಯ ಅದಕ್ಕೆ 2024ರಲ್ಲಿ ಸೇರಿತು. 2017ರಲ್ಲಿ ಬಂದ ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿಯೂ ಗೂಗಲ್ ಚಾಟ್‌ನಲ್ಲಿಯೂ ಮಾತುಕತೆಯ ಪಕ್ಕದಲ್ಲೇ ಪಟ್ಟಿಯಿಟ್ಟು, ಕೆಲಸ ಯಾರದು, ಎಂದಿಗೆ ಮುಗಿಯಬೇಕು ಎಂದು ಬರೆಯಬಹುದು. ಮುಗಿದುದಕ್ಕೆ ಗುರುತು ಹಾಕಿದರೆ ಅದು ಉಳಿದವರಿಗೂ ಕಾಣುತ್ತದೆ. ಗೂಗಲ್, ಮೈಕ್ರೋಸಾಫ್ಟ್‌ಗಳು ಶಾಲೆಗಳಿಗೆ ಉಚಿತ ಆವೃತ್ತಿಯನ್ನೂ ಕೊಡುತ್ತವೆ.

ಆದರೆ ನಮ್ಮವರೆಲ್ಲ ಇರುವುದು ವಾಟ್ಸಾಪಿನಲ್ಲಿ. ಅಲ್ಲಿಯೂ ದಾರಿಯಿದೆ. ಶಾಲೆಗೆ ಎರಡನೆಯ ಗುಂಪೊಂದನ್ನು ಮಾಡಿ ಅದಕ್ಕೆ "ಕೆಲಸದ ಪಟ್ಟಿ" ಎಂದೇ ಹೆಸರಿಡಬಹುದು. ನಿರ್ವಾಹಕರು ಮಾತ್ರ ಬರೆಯುವಂತೆ ಬೀಗ ಹಾಕಿದರೆ ಹಾರೈಕೆಗಳು ಒಳಗೆ ಬಾರವು. ವಾರಕ್ಕೊಂದು ಪಟ್ಟಿಯನ್ನು ಅಂಕೆ ಹಾಕಿ ಬರೆದು ಮೇಲಕ್ಕೆ ಪಿನ್ ಮಾಡಬೇಕು; ಅದು 24 ಗಂಟೆ, 7 ದಿನ ಯಾ 30 ದಿನ ಅಲ್ಲೇ ನಿಲ್ಲುತ್ತದೆ. ಕಳುಹಿಸಿದ ಸಂದೇಶವನ್ನು 15 ನಿಮಿಷದೊಳಗೆ ಮಾತ್ರ ತಿದ್ದಬಹುದಾದುದರಿಂದ, ಮುಗಿದ ಕೆಲಸಗಳನ್ನು ಬಿಟ್ಟು ಉಳಿದುವನ್ನು ಪ್ರತಿ ಸೋಮವಾರ ಹೊಸದಾಗಿ ಬರೆಯುವುದೇ ಕ್ಷೇಮ.

ಪ್ರತಿ ಸಾಲಿನಲ್ಲಿಯೂ ಮೂರು ಸಂಗತಿಗಳಿರಲಿ: ಏನು, ಯಾರು, ಯಾವ ತಾರೀಕು. "ಎಲ್ಲರೂ" ಎಂದು ಬರೆಯದೆ ಒಬ್ಬರ ಹೆಸರನ್ನೇ ಬರೆಯಬೇಕು. ಮೂಲ ಸೂಚನೆ ಮರಾಠಿಯಲ್ಲಿರಲಿ, ಮಲಯಾಳದಲ್ಲಿರಲಿ, ಪಟ್ಟಿ ಕನ್ನಡದಲ್ಲಿರಲಿ. ಕನ್ನಡದಲ್ಲಿ ಬರೆಯಲು ಹೊರಟಾಗಲೇ ಸೂಚನೆ ನಮಗೆ ಸರಿಯಾಗಿ ಅರ್ಥವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಹೊಸದಾಗಿ ಬಂದ ಉಪಾಧ್ಯಾಯರೂ ಹಿಂಜರಿಯದೆ ಓದುತ್ತಾರೆ.

ಒಂದು ಎಚ್ಚರಿಕೆಯೂ ಬೇಕು. ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಗುಂಪಿಗೆ ಹಾಕಬಾರದು. "ಏಳನೆಯ ತರಗತಿಯ ಖಾತೆ ವಿವರ ಸಿದ್ಧ" ಎಂದಷ್ಟೇ ಸಾಕು. ವಿವರ ಕಚೇರಿಯ ದಾಖಲೆಯಲ್ಲಿರಲಿ. ರಾತ್ರಿ ಹತ್ತಕ್ಕೆ ಪಟ್ಟಿ ಕಳುಹಿಸಿ ಬೆಳಿಗ್ಗೆ ಲೆಕ್ಕ ಕೇಳುವುದೂ ಒಳ್ಳೆಯ ಕ್ರಮವಲ್ಲ. ಪಟ್ಟಿ ಇರುವುದು ಉಪಾಧ್ಯಾಯರ ಹೊರೆಯನ್ನು ಇಳಿಸಲು.

ಹೆತ್ತವರಿಗೂ ಇದರಲ್ಲಿ ಪಾಲಿದೆ. ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ, ಈ ತಿಂಗಳು ಮಕ್ಕಳ ಪರವಾಗಿ ಶಾಲೆ ಕಳುಹಿಸಬೇಕಾದ ಅರ್ಜಿಗಳು ಯಾವುವು, ಕೊನೆಯ ತಾರೀಕು ಯಾವುದು ಎಂದು ವಿನಯದಿಂದ ಕೇಳಿರಿ. ಉತ್ತರವನ್ನು ಕನ್ನಡದಲ್ಲಿ ಬರೆದು ಶಾಲೆಯ ಫಲಕದಲ್ಲಿಯೂ ಹಾಕಿದರೆ, ಫೋನಿಲ್ಲದ ಮನೆಯ ಮಗುವೂ ಅದನ್ನು ಓದಿ ಹೋಗಿ ತಂದೆತಾಯಿಗೆ ಹೇಳಬಲ್ಲದು.