ಕಂಡರೂ ಪ್ರಮಾಣಿಸಿ ನೋಡು



ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಪೂರ್ವಕ್ಕೆ ಸಾವನದುರ್ಗವಿದೆ. ಆಗ್ನೇಯಕ್ಕೆ ರಾಮನಗರದ ರಾಮದೇವರ ಬೆಟ್ಟವಿದೆ. ಈ ಬಂಡೆಗಳ ಸೀಮೆಯನ್ನು ಕಣ್ಣಾರೆ ಕಂಡವರಿಗಿಂತ ಚಿತ್ರದಲ್ಲಿ ಕಂಡವರೇ ಹೆಚ್ಚು. 1791ರ ಡಿಸೆಂಬರಿನಲ್ಲಿ ಸಾವನದುರ್ಗವೂ ಹುತ್ರಿದುರ್ಗವೂ ಕೆಲವೇ ದಿನಗಳ ಅಂತರದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದುವು. ಆ ಸೈನ್ಯದೊಡನಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಮೈಸೂರು ಸೀಮೆಯ ದೃಶ್ಯಗಳನ್ನು ಬರೆದು 1794ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅದನ್ನು ಬಿಡಿಸಿದ ಆಂಗ್ಲ ವಾಚಕನು ಈ ನಾಡನ್ನು ಕಂಡದ್ದು ಗೆದ್ದವರ ಪಾಳೆಯದ ಕಡೆಯಿಂದ, ಕೋಟೆಯೊಳಗಿದ್ದವರ ಕಣ್ಣಿನಿಂದಲ್ಲ.

ಚಲಚ್ಚಿತ್ರವು ಬಂದ ಮೇಲೆ ಈ ಬೆಟ್ಟಗಳು ಹೆಸರನ್ನೂ ಬದಲಾಯಿಸಿಕೊಂಡುವು. 1975ರ ‘ಶೋಲೆ’ಯಲ್ಲಿ ರಾಮನಗರದ ಬಂಡೆಗಳೇ ಹಿಂದಿ ಸೀಮೆಯ ‘ರಾಮ್‌ಗಢ’ವಾದುವು. 1984ರಲ್ಲಿ ಡೇವಿಡ್ ಲೀನರ ‘ಎ ಪ್ಯಾಸೇಜ್ ಟು ಇಂಡಿಯ’ ಚಿತ್ರಕ್ಕೆ ಸಾವನದುರ್ಗವು ಬಿಹಾರದ ಗುಹೆಗಳ ಬೆಟ್ಟವಾಗಿ ನಿಂತಿತು. ಇದರಿಂದ ಯಾರಿಗೂ ಕೇಡಾಗಲಿಲ್ಲ. ಕಥೆಯೆಂದು ಹೇಳಿಯೇ ತೋರಿಸಿದ ಕಥೆ ಅದು. ತೆಗೆದವರ ಹೆಸರು ತೆರೆಯ ಮೇಲೆಯೇ ಇದ್ದಿತು.

ಆದರೆ ಹೆಸರಿಲ್ಲದ ಚಿತ್ರದ ಗತಿಯೇನು? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯೊಡನೆ ಒಂದು ಚಿತ್ರವು ನಮ್ಮ ಮೊಬೈಲುಗಳಲ್ಲಿ ಹರಿದಾಡಿತು. ಬೀದಿಯಲ್ಲಿ ಆಡುತ್ತಿದ್ದ ಮಗುವೊಂದನ್ನು ಮೋಟಾರ್ ಸೈಕಲ್ಲಿನವರು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ವಿಷಯದಲ್ಲಿ ಎಚ್ಚರವಾಗಿರಿ ಎಂದು ಜನರಿಗೆ ತಿಳಿಸಲು ತೆಗೆದ ಚಿತ್ರ. ಮೂಲದಲ್ಲಿ ಅವರು ಹಿಂದಿರುಗಿ ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ಎತ್ತಿ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು. ಕತ್ತರಿಸಿದ್ದು ಕೆಲವು ಕ್ಷಣಗಳ ಚಿತ್ರ. ಅದರಿಂದ ಬೋಧೆಯೇ ಭೀತಿಯಾಯಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನೂ, ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನೂ ಜನರು ಇಂಥ ಸಂಶಯದ ಮೇಲೆಯೇ ಹೊಡೆದು ಕೊಂದರು. ಮೋಸಹೋಗುವವರು ಹಳ್ಳಿಗರು, ನಗರದ ವಿದ್ಯಾವಂತರಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಆಸ್ಪದವಿಲ್ಲ. ಚಾಮರಾಜಪೇಟೆಯು ರಾಜಧಾನಿಯ ನಡುವೆಯೇ ಇದೆ.

ಅಕ್ಷರವನ್ನು ಓದಲು ವರ್ಷಗಟ್ಟಲೆ ಕಲಿಸುವ ನಾವು, ಚಿತ್ರವನ್ನು ಓದಲು ಯಾರಿಗೂ ಕಲಿಸುವುದಿಲ್ಲ, ಕಣ್ಣಿದ್ದರೆ ಸಾಕೆಂದುಕೊಂಡಿದ್ದೇವೆ. ಈ ಪಾಠಕ್ಕೆ ಯೋಗ್ಯವಾದ ಸ್ಥಳ ಗ್ರಂಥಾಲಯವೆಂಬುದು ನಮ್ಮ ಅಭಿಪ್ರಾಯ. ಶಾಲೆಯು ಮಕ್ಕಳಿಗೆ ಮಾತ್ರ ಮೀಸಲು. ಗ್ರಂಥಾಲಯದ ಬಾಗಿಲಾದರೋ ಅಜ್ಜನಿಗೂ ಮೊಮ್ಮಗಳಿಗೂ ಒಂದೇ. ಇನ್ನೂ ಬಲವಾದ ಕಾರಣವೊಂದುಂಟು. ಗ್ರಂಥಪಾಲಕನು ಯಾವ ಪುಸ್ತಕವನ್ನೂ ಕುಲಗೋತ್ರ ವಿಚಾರಿಸದೆ ಕಪಾಟಿಗೆ ಸೇರಿಸುವುದಿಲ್ಲ. ಬರೆದವರು ಯಾರು, ಪ್ರಕಟಿಸಿದವರು ಯಾರು, ಯಾವ ಊರು, ಯಾವ ವರ್ಷ, ಎಷ್ಟು ಪುಟ ಎಂದು ಕೇಳಿ ಸೂಚಿಯಲ್ಲಿ ಬರೆದುಕೊಳ್ಳುತ್ತಾನೆ. ಈ ಪ್ರಶ್ನೆಗಳನ್ನೇ ಚಿತ್ರಕ್ಕೂ ಹಾಕಬೇಕು. ಕರಾಚಿಯ ಚಿತ್ರವನ್ನು ‘ಯಾವ ಊರು?’ ಎಂದು ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ. ‘ಕೊನೆಯ ಪುಟ ಉಂಟೆ?’ ಎಂದು ಕೇಳಿದ್ದರೆ ಹರಿದ ಪುಸ್ತಕವೆಂದು ಬದಿಗಿಡಬಹುದಾಗಿತ್ತು.

ಇದಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಶಾಸನದಿಂದ ಕನ್ನಡ ನಾಡಿನಲ್ಲಿ ಗ್ರಂಥಾಲಯವ್ಯವಸ್ಥೆಗೆ ತಳಹದಿ ಬಿದ್ದಿತು. 2019ರಲ್ಲಿ ಐದು ಸಾವಿರಕ್ಕೂ ಮೇಲ್ಪಟ್ಟ ಗ್ರಾಮಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮುಂದೆ ‘ಅರಿವು ಕೇಂದ್ರ’ಗಳೆನಿಸಿಕೊಂಡುವು, ಅನೇಕ ಕಡೆ ಕಂಪ್ಯೂಟರುಗಳೂ ಬಂದುವು. ನೆರೆಯ ಕೇರಳದ ಕಣ್ಣೂರು ಜಿಲ್ಲೆಯವರು ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠವನ್ನು ಸರ್ಕಾರಿ ಶಾಲೆಗಳಲ್ಲಿ ನಡೆಸಿದರು. ಅದನ್ನೇ ಗ್ರಂಥಾಲಯದಲ್ಲಿ ಎಲ್ಲ ವಯಸ್ಸಿನವರಿಗೂ ನಡೆಸಲು ಅಡ್ಡಿಯೇನು?

ಹುತ್ರಿದುರ್ಗ ಹೋಬಳಿಯ ಒಂದು ಗ್ರಂಥಾಲಯದಲ್ಲಿ ಇಂಥ ಪಾಠವಾಯಿತೆನ್ನಿ. ಮಕ್ಕಳು ಮೊಬೈಲನ್ನು ಹಿಡಿದು ತಮ್ಮ ದುರ್ಗವನ್ನು ಎರಡು ಬಗೆಯಾಗಿ ತೆಗೆಯಲಿ: ಒಮ್ಮೆ ಬಂಡೆಯೂ ಕೋಟೆಯೂ ಮಾತ್ರ ಕಾಣುವಂತೆ, ಮತ್ತೊಮ್ಮೆ ತಪ್ಪಲಿನ ಹೊಲ ಮನೆಗಳೂ ಸೇರುವಂತೆ. ಮೊದಲನೆಯದನ್ನು ನೋಡಿದವನು ನಿರ್ಜನ ದುರ್ಗವೆನ್ನುತ್ತಾನೆ. ಎರಡನೆಯದನ್ನು ನೋಡಿದವನು ತುಂಬಿದ ಊರೆನ್ನುತ್ತಾನೆ. ಎರಡೂ ನಿಜ, ಎರಡೂ ಅಪೂರ್ಣ. ಬಳಿಕ ಒಂದು ಕಿರುಚಿತ್ರದ ಕೊನೆಯನ್ನು ಕತ್ತರಿಸಿ ತೋರಿಸಿ, ಅರ್ಥವನ್ನು ಕೇಳಿ, ಆಮೇಲೆ ಪೂರ್ತಿಯಾಗಿ ತೋರಿಸಲಿ. ತಾನೇ ಕತ್ತರಿ ಹಿಡಿದ ಮಗು ಮುಂದೆ ಇನ್ನೊಬ್ಬರ ಕತ್ತರಿಯ ಗುರುತನ್ನು ಹುಡುಕದೆ ಬಿಡಲಾರದು.

ಹೀಗೆ ಕಲಿಸಿದರೆ ಜನರು ಯಾವುದನ್ನೂ ನಂಬದ ಸಂಶಯಾತ್ಮರಾಗುವುದಿಲ್ಲವೆ ಎಂದು ಕೆಲವರು ಕೇಳಬಹುದು. ಗ್ರಂಥಪಾಲಕನು ಪುಸ್ತಕವನ್ನು ವಿಚಾರಿಸುವುದು ಅದನ್ನು ಹೊರಗೆಸೆಯುವುದಕ್ಕಲ್ಲ, ತಕ್ಕ ಕಪಾಟಿನಲ್ಲಿಡುವುದಕ್ಕೆ. ಕಥೆಯನ್ನು ಕಥೆಯ ಕಪಾಟಿನಲ್ಲಿಟ್ಟರೆ ‘ಶೋಲೆ’ಯ ರುಚಿ ಕೆಡುವುದಿಲ್ಲ. ವಿಳಾಸವಿಲ್ಲದ ಚಿತ್ರಕ್ಕೆ ಮಾತ್ರ ಕಪಾಟಿಲ್ಲ. ಅದನ್ನು ಮುಂದಕ್ಕೆ ಕಳುಹಿಸದೆ ತಡೆಹಿಡಿಯುವುದೇ ಲೇಸು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಚಲಚ್ಚಿತ್ರವನ್ನು ಕಾಣದೆಯೇ ಹೇಳಿದರು. ಕಂಡದ್ದನ್ನು ಪ್ರಮಾಣಿಸದೆ ಕೈಯೆತ್ತಿದ್ದರಿಂದ ಎರಡು ಮನೆಗಳಿಗೆ ಮಕ್ಕಳು ಹಿಂದಿರುಗಲಿಲ್ಲ. ಆ ಗಾದೆಯನ್ನು ಪಾಠವಾಗಿ ಮಾಡುವ ಕೆಲಸವು ನಮ್ಮ ಗ್ರಂಥಾಲಯಗಳಿಗೆ ಸೇರಲಿ.